ದೆವ್ವದ ಸಿನಿಮಾದಲ್ಲಿ ಅಪ್ಪಾಜಿಯ ಪಟ

ಆ ಸಿನಿಮಾಗಳನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ತಾಳಮೇಳವಿಲ್ಲ. ಮೊದಲನೆಯದರಲ್ಲಿ ಸತ್ತವನು ಎರಡನೆಯದರಲ್ಲಿ ಬರುತ್ತಾನೆ ಅನ್ನುತ್ತಾರೆ, ಬರುವುದಿಲ್ಲ. ಮೂರನೆಯದರಲ್ಲಿ ಆ ಮನೆಯೇ ಇಲ್ಲ, ಗೋಡೆಯ ಮೇಲಿನ ಪಟದಲ್ಲಿ ಬೇರೆ ಯಾರೋ ದಪ್ಪ ಮೀಸೆಯ ಮನುಷ್ಯ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಕಥೆ. ಟಿವಿಯವರಂತೂ ಈ ವಾರ ಎರಡನೆಯ ಭಾಗ ಹಾಕಿ ಮುಂದಿನ ವಾರ ಮೊದಲನೆಯದನ್ನು ಹಾಕುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ಇದನ್ನೆಲ್ಲ ಆಡಿಕೊಂಡು ನಗುವಾಗ ನಾನು ಸಿಡುಕುತ್ತೇನೆ. ಹೇಳಹೊರಟರೆ ಎಲ್ಲಿಂದ ಶುರು ಮಾಡಬೇಕೆಂದು ನನಗೇ ತಿಳಿಯುವುದಿಲ್ಲ. ಮೊದಲೆರಡು ಭಾಗಗಳಲ್ಲಿರುವ ಮನೆ ನಮ್ಮದು. ಗೋಡೆಯ ಮೇಲಿನ ಪಟದಲ್ಲಿ ಪೇಟ ತೊಟ್ಟು ಕೂತಿರುವ ಯಜಮಾನರು ನಮ್ಮ ಅಪ್ಪಾಜಿ.

ನಮ್ಮದು ಲಷ್ಕರ್ ಮೊಹಲ್ಲಾದ ಹಳೆಯ ಮನೆ. ಮುಂದೆ ಬೀದಿಗೆ ಅಪ್ಪಾಜಿಯ ಪಾತ್ರೆ ಅಂಗಡಿ, ಹಿಂದೆ ವಾಸ. ನಡುಮನೆಗೆ ಒಂದೇ ಕಿಟಕಿ, ಅದೂ ಪಕ್ಕದವರ ಗೋಡೆಯನ್ನು ನೋಡಿಕೊಂಡು ಇದ್ದದ್ದು. ಹಗಲು ಹೊತ್ತಿನಲ್ಲೂ ದೀಪ ಹಾಕಬೇಕು. ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು ಯಾರೂ ಹತ್ತದಿದ್ದರೂ ಕಿರುಗುಟ್ಟುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಒಬ್ಬ ನಿರ್ದೇಶಕರು ಯಾರದೋ ಮೂಲಕ ಮನೆ ನೋಡಲು ಬಂದು, ಆ ಮೆಟ್ಟಿಲ ಸದ್ದು ಕೇಳಿದ ಕೂಡಲೇ ‘ಇದೇ ಮನೆ, ಇದೇ ಮನೆ’ ಎಂದು ಕುಣಿದಾಡಿಬಿಟ್ಟರು. ನಾವು ಹುಟ್ಟಿ ಬೆಳೆದ ಮನೆ ದೆವ್ವಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಯಾರಾದರೂ ಹೊಗಳಿದರೆ ನಗಬೇಕೋ ಬೈಯಬೇಕೋ ತಿಳಿಯುವುದಿಲ್ಲ. ಅಮ್ಮ ಬೈದಳು, ಅಪ್ಪಾಜಿ ನಕ್ಕರು. ಕೊನೆಗೆ ಅಪ್ಪಾಜಿಯ ಮಾತೇ ನಡೆಯಿತು.

ಕಥೆ ಏನೆಂದರೆ, ಒಂದು ಮನೆಯ ಯಜಮಾನ ಸತ್ತುಹೋಗಿದ್ದಾನೆ. ಅವನ ಅಡುಗೆಭಟ್ಟನೂ ಸತ್ತು ದೆವ್ವವಾಗಿದ್ದಾನೆ. ಬದುಕಿದ್ದಷ್ಟು ದಿನ ಯಜಮಾನ ಒಂದು ಸಲವಾದರೂ ಅಡುಗೆ ಚೆನ್ನಾಗಿದೆ ಎನ್ನಲಿಲ್ಲವಂತೆ. ಆ ಒಂದು ಮಾತು ಕೇಳದೆ ಭಟ್ಟನ ದೆವ್ವ ಮನೆ ಬಿಟ್ಟು ಹೋಗುವುದಿಲ್ಲ. ಮನೆಗೆ ಬಂದವರಿಗೆಲ್ಲ ಬಲವಂತವಾಗಿ ಬಡಿಸುತ್ತದೆ, ಉಪ್ಪು ಜಾಸ್ತಿಯಾಯಿತು ಅಂದವರನ್ನು ಬಾವಿಗಿಳಿಸುತ್ತದೆ. ಹೆದರಿಸುವುದಕ್ಕಿಂತ ನಗಿಸುವ ದೆವ್ವ. ಆ ಪಾತ್ರ ಮಾಡಿದ ನಟ ದಪ್ಪನೆಯ, ಒಳ್ಳೆಯ ಮನುಷ್ಯ. ಮುಖಕ್ಕೆಲ್ಲ ಬಿಳಿ ಬಳಿದುಕೊಂಡೇ ನಮ್ಮ ಅಡುಗೆಮನೆಯಲ್ಲಿ ಕೂತು ಅಮ್ಮನ ಕೈಯ ಮುದ್ದೆ ಬಸ್ಸಾರು ಹೊಡೆಯುತ್ತಿದ್ದರು.

ತಂಡದಲ್ಲಿ ಸಹಾಯಕ ನಿರ್ದೇಶಕನೊಬ್ಬನಿದ್ದ. ಸಣಕಲ ದೇಹ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಅವನ ಕೆಲಸ ಕಂಟಿನ್ಯೂಟಿ. ಒಂದು ಶಾಟಿನಲ್ಲಿ ಚೊಂಬು ಎಲ್ಲಿತ್ತೋ ಮುಂದಿನ ಶಾಟಿನಲ್ಲೂ ಅಲ್ಲೇ ಇರಬೇಕು, ಲೋಟದಲ್ಲಿ ಎಷ್ಟು ಕಾಫಿ ಇತ್ತೋ ಅಷ್ಟೇ ಇರಬೇಕು. ಅದಕ್ಕಾಗಿ ಅವನು ಆಗಾಗ ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದ. ಅಮ್ಮನಿಗೂ ಅವನಿಗೂ ಮೊದಲ ದಿನವೇ ಹತ್ತಿಕೊಂಡಿತು. ಉಂಡ ಎಲೆ ಎದುರಿಗಿದ್ದರೆ ಅಮ್ಮನಿಗೆ ಕೈ ಸುಮ್ಮನಿರುವುದಿಲ್ಲ. ಎರಡು ಶಾಟುಗಳ ನಡುವೆ ಅವರು ಲೈಟು ಸರಿಮಾಡುತ್ತಿದ್ದಾಗ ಇವಳು ಹೋಗಿ ಎಲೆ ಎತ್ತಿ, ನೆಲ ಸಾರಿಸಿ, ಲೋಟ ತೊಳೆದು ಬೋರಲು ಹಾಕಿ ಬಂದಳು.

‘ಅಯ್ಯೋ ಅಮ್ಮಾ, ಕಂಟಿನ್ಯೂಟಿ ಹೋಯ್ತಲ್ಲಮ್ಮಾ!’ ಎಂದು ಅವನು ತಲೆ ಚಚ್ಚಿಕೊಂಡ.

‘ಎಂಜಲು ಹಂಗೇ ಒಣಗಿಸ್ಕೊಂಡು ಕೂತ್ರೆ ಮನೇಲಿ ಲಕ್ಷ್ಮಿ ಇರ್ತಾಳೇನಪ್ಪ? ನಿಮ್ಮನೇಲೂ ಹಿಂಗೇನಾ?’

ಅಪ್ಪಾಜಿಗೆ ಈ ಪದ ಬಹಳ ಇಷ್ಟವಾಗಿಬಿಟ್ಟಿತು. ಸ್ನಾನಕ್ಕೆ ಹೋದರೆ ಸೋಪು ಸಿಗದಿದ್ದಾಗ ಬಚ್ಚಲಿನಿಂದಲೇ ‘ಏನೇ, ಕಂಟಿನ್ಯೂಟಿ ಇಲ್ವಲ್ಲೇ ಈ ಮನೇಲಿ!’ ಎಂದು ಕೂಗುತ್ತಿದ್ದರು.

ಪಟದ ವಿಚಾರ ಬಂದದ್ದು ಎರಡನೆಯ ದಿನವೋ ಮೂರನೆಯ ದಿನವೋ. ಸತ್ತ ಯಜಮಾನನ ಫೋಟೋ ಒಂದು ಗೋಡೆಯ ಮೇಲೆ ಬೇಕಾಗಿತ್ತು, ತರಬೇಕಾದವರು ಮರೆತು ಬಂದಿದ್ದರು. ನಮ್ಮ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ, ಅಪ್ಪಾಜಿಯ ದೊಡ್ಡ ಪಟವಿತ್ತು. ಪಾತ್ರೆ ವ್ಯಾಪಾರಿಗಳ ಸಂಘದಲ್ಲಿ ಸನ್ಮಾನವಾದ ದಿನ ತೊಡಿಸಿದ ಮೈಸೂರು ಪೇಟವನ್ನು ತೆಗೆಯದೆ ನೆಟ್ಟಗೆ ಸ್ಟುಡಿಯೋಗೆ ಹೋಗಿ ತೆಗೆಸಿಕೊಂಡದ್ದು. ದಿನವಿಡೀ ಚೊಂಬು ಕೊಡಪಾನಗಳ ಮೇಲೆ ಗಿರಾಕಿಗಳ ಹೆಸರು ಕೊರೆಯುವ ಮನುಷ್ಯ ಆ ಪಟದಲ್ಲಿ ಎಲ್ಲಿಯದೋ ಸಂಸ್ಥಾನದ ದಿವಾನರ ಹಾಗೆ ಕಾಣುತ್ತಿದ್ದರು. ನಿರ್ದೇಶಕರು ಪಟವನ್ನೊಮ್ಮೆ ಅಪ್ಪಾಜಿಯನ್ನೊಮ್ಮೆ ತಿರುಗಿ ತಿರುಗಿ ನೋಡಿದರು. ಅವರು ಬಾಯಿ ಬಿಟ್ಟು ಕೇಳುವ ಮೊದಲೇ ಅಪ್ಪಾಜಿ ‘ಧಾರಾಳವಾಗಿ ಇಟ್ಕೊಳ್ಳಿ’ ಎಂದುಬಿಟ್ಟರು.

ತಂಡದವರ ಸಾಮಾನಿನ ಪೆಟ್ಟಿಗೆಯಿಂದ ಗಂಧದ ಚಕ್ಕೆಯ ಹಾರ ಬಂತು. ಅದನ್ನು ಪಟಕ್ಕೆ ಹಾಕಿ, ಕೆಳಗೆ ಒಂದು ದೀಪ ಹಚ್ಚಿಟ್ಟರು. ಅಡುಗೆಮನೆಯಿಂದ ಬಂದ ಅಮ್ಮ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

‘ಬದುಕಿರೋರ ಪಟಕ್ಕೆ ಹಾರ ಹಾಕ್ಬುಟ್ರಲ್ರೀ! ತೆಗೀರಿ ಮೊದಲು!’

‘ಲೇ, ಸಂಘದಲ್ಲೂ ಹಾರ ಹಾಕಿದ್ರು ಕಣೇ,’ ಎಂದರು ಅಪ್ಪಾಜಿ.

‘ಅದು ನಿಮ್ ಕೊರಳಿಗೆ. ಇದು ಪಟಕ್ಕೆ. ಅಷ್ಟೂ ಗೊತ್ತಾಗಲ್ವಾ ನಿಮಗೆ?’

ಅಮ್ಮ ಹೇಳಿದ್ದು ನಮ್ಮ ಕಡೆಯ ಮಟ್ಟಿಗೆ ಸರಿಯೇ. ಮನುಷ್ಯನ ಕೊರಳಿಗೆ ಹಾಕಿದರೆ ಸನ್ಮಾನ, ಅವನ ಪಟಕ್ಕೆ ಹಾಕಿದರೆ ಸತ್ತವರಿಗೆ ಮಾಡುವ ಶಿವಗಣಾರಾಧನೆ. ಆದರೆ ಅಷ್ಟು ಹೊತ್ತಿಗೆ ಕ್ಯಾಮೆರಾ ಓಡುತ್ತಿತ್ತು. ಅಪ್ಪಾಜಿ ತಮ್ಮದೇ ಪಟದ ಎದುರು, ಲೈಟಿನವರ ಪಕ್ಕದಲ್ಲಿ ಕೈಕಟ್ಟಿ ನಿಂತು, ಸತ್ತಿರುವ ತಮ್ಮನ್ನು ನೋಡಿ ಖುಷಿಪಡುತ್ತಿದ್ದರು. ಚಿತ್ರೀಕರಣ ಮುಗಿದ ಸಂಜೆಯೇ ಅಮ್ಮ ಅಪ್ಪಾಜಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ವಾರವೇ ಅವರನ್ನು ಚಾಮುಂಡಿ ಬೆಟ್ಟಕ್ಕೆ ಹೊರಡಿಸಿ, ಅಲ್ಲಿ ಈಡುಗಾಯಿ ಒಡೆಸಿದಳು.

ಸಿನಿಮಾ ಚೆನ್ನಾಗಿಯೇ ಓಡಿತು. ಅಂಗಡಿಗೆ ಬಂದವರು ‘ಏನ್ ಯಜಮಾನ್ರೇ, ನೀವು ಸತ್ತೋಗಿದ್ರಲ್ಲಾ?’ ಎಂದು ರೇಗಿಸುವುದು, ಅಪ್ಪಾಜಿ ‘ಮಧ್ಯಾಹ್ನದ ಊಟಕ್ಕೆ ಬಿಟ್ಟವ್ರೆ, ಸಂಜೆ ವಾಪಸ್ ಹೋಗ್ಬೇಕು’ ಎನ್ನುವುದು ದಿನನಿತ್ಯದ ಮಾತಾಯಿತು. ಒಂದು ದಿನ ನಂಜನಗೂಡು ಕಡೆಯ ದೂರದ ನೆಂಟರೊಬ್ಬರು ಹೆಂಡತಿಯೊಡನೆ ಬಸ್ಸಿಳಿದು ಬಂದರು. ಊರ ಟೆಂಟಿನಲ್ಲಿ ಸಿನಿಮಾ ನೋಡಿ, ಅರ್ಧಕ್ಕೇ ಎದ್ದು, ಮರುದಿನ ಹೊರಟು ಬಂದಿದ್ದರು. ಕಥೆ ಅವರಿಗೆ ಬೇಕಿರಲಿಲ್ಲ. ಪಟ ನೋಡಿದ್ದರು, ಹಾರ ನೋಡಿದ್ದರು, ದೀಪ ನೋಡಿದ್ದರು. ಬೀದಿಯ ತಿರುವಿನಿಂದಲೇ ಆ ಹೆಂಗಸು ‘ಯಾರೂ ಒಂದ್ ಮಾತು ಹೇಳಿ ಕಳಿಸ್ನಿಲ್ವಲ್ಲೋ ಶಿವನೇ!’ ಎಂದು ಅಳುತ್ತಾ ಬಂದಳು. ಅಂಗಡಿಯ ಮುಂದೆ ಅಪ್ಪಾಜಿ ಇಡ್ಲಿ ಪಾತ್ರೆ ಒರೆಸುತ್ತಾ ಕೂತಿದ್ದರು. ಆಮೇಲೆ ಆ ನೆಂಟರಿಗೆ ನೀರು ಕುಡಿಸಿ, ಗಾಳಿ ಬೀಸಿ, ಬದುಕಿರುವವರೇ ಸಮಾಧಾನ ಹೇಳಬೇಕಾಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಸಾವಿಗೆ ಅಳಲು ಬಂದವರು ಕಣ್ಣೀರಿಟ್ಟು ಹೋದರಲ್ಲ, ಇನ್ನು ಉಳಿದದ್ದೇನು ಎಂದು ಒಂದೆರಡು ದಿನ ಗೊಣಗುತ್ತಿದ್ದಳು.

ಮರುವರ್ಷ ಅಪ್ಪಾಜಿ ಹೋಗಿಬಿಟ್ಟರು. ಮಧ್ಯಾಹ್ನ ಅಂಗಡಿಯಲ್ಲಿ ಯಾರದೋ ಮದುವೆಯ ಕೊಡಪಾನಕ್ಕೆ ಹೆಸರು ಕೊರೆಯುತ್ತಿದ್ದವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರು. ಆಟೋ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ನನಗೆ ಕೋಪವಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಮಣ್ಣು ಮಾಡಿ ಬಂದ ಸಂಜೆ ಅವಳು ಹೇಳಿದ್ದು ಒಂದೇ ಮಾತು: ‘ಆ ಹಾರ.’ ಮಠದಿಂದ ಬಂದಿದ್ದ ಅಯ್ಯನವರು, ನಮ್ಮಲ್ಲಿ ಶಕುನ ಅಪಶಕುನ ಎಂದು ನಂಬುವ ಪದ್ಧತಿಯಿಲ್ಲ, ಶಿವ ಕೊಟ್ಟಿದ್ದನ್ನು ಶಿವ ಕರೆದುಕೊಂಡ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಬಳೆ ಒಡೆಯುವುದು ಗಿಡೆಯುವುದು ಏನೂ ಬೇಡ ಎಂದೂ ಹೇಳಿದರು. ಅಮ್ಮ ತಲೆಯಾಡಿಸಿ ಪಾದಕ್ಕೆ ನಮಸ್ಕಾರ ಮಾಡಿದಳು. ಹನ್ನೊಂದನೆಯ ದಿನ ನೆಂಟರೊಬ್ಬರು ಪಟಕ್ಕೆ ಹಾಕಲೆಂದು ಗಂಧದ ಹಾರ ತಂದಾಗ ಮಾತ್ರ ಅವಳು ಅಡ್ಡ ನಿಂತಳು.

‘ಒಂದ್ಸಲ ಹಾಕಾಯ್ತಲ್ಲ. ಸಾಲ್ದಾ?’

ನೆಂಟರು ಮುಖ ಮುಖ ನೋಡಿಕೊಂಡರು. ಹೊಟ್ಟೆಯ ಸಂಕಟ, ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಉಳಿದುಕೊಂಡಿತು. ಅಪ್ಪಾಜಿ ಬದುಕಿದ್ದಾಗ ತೆಗೆದ ಸಿನಿಮಾದಲ್ಲಿ ಪಟಕ್ಕೆ ಹಾರ ಇತ್ತು, ಸತ್ತ ಮೇಲೆ ಮನೆಯ ಗೋಡೆಯ ಮೇಲೆ ಅದೇ ಪಟಕ್ಕೆ ಹಾರ ಇರಲಿಲ್ಲ. ಕೇಬಲ್ಲಿನಲ್ಲಿ ಆ ಸಿನಿಮಾ ಬಂದ ದಿನ ನಾನು ಟಿವಿಯನ್ನೂ ಗೋಡೆಯನ್ನೂ ನೋಡಿ ತಲೆಕೆಟ್ಟು ಎದ್ದು ಹೋಗಿದ್ದೆ.

ಅಂಗಡಿಯನ್ನು ಬಾಡಿಗೆಗೆ ಕೊಟ್ಟೆವು. ನನಗೆ ಬನ್ನಿಮಂಟಪದ ಕಡೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಅಮ್ಮ ಅಟ್ಟದಿಂದ ಹಳೆಯ ಸಾಮಾನು ಇಳಿಸುತ್ತಿದ್ದಳು. ಹಿತ್ತಾಳೆ ಚೊಂಬು ಕಿಟಕಿಯ ಕೆಳಗೆ, ಒನಕೆ ಮೂಲೆಗೆ, ಅಪ್ಪಾಜಿಯ ಬೆತ್ತದ ಕುರ್ಚಿ ಕಂಬದ ಪಕ್ಕಕ್ಕೆ. ಎಲ್ಲವೂ ಸಿನಿಮಾದಲ್ಲಿ ಇದ್ದ ಹಾಗೆ.

‘ಎರಡನೇ ಭಾಗ ತೆಗೀತಾರಂತೆ. ಫೋನ್ ಮಾಡಿದ್ರು. ಬನ್ನಿ ಅಂದೆ,’ ಎಂದಳು.

‘ಅಪ್ಪಾಜಿ ವಿಷಯ ಹೇಳಿದ್ಯಾ?’

‘ಅವ್ರು ಕೇಳ್ಲಿಲ್ಲ.’

ಅವಳು ಯಾಕೆ ಒಪ್ಪಿಕೊಂಡಳೆಂದು ನನಗೆ ತಲೆಬುಡ ತಿಳಿಯಲಿಲ್ಲ. ಆ ಸಿನಿಮಾವೇ ಗಂಡನನ್ನು ನುಂಗಿತು ಅನ್ನುವವಳು ಅದೇ ಜನರನ್ನು ಕರೆದು, ಅವರಿಗಾಗಿ ಮನೆಯನ್ನು ಹಿಂದಿನಂತೆ ಜೋಡಿಸುತ್ತಿದ್ದಾಳೆ. ನಾನು ಜಗಳ ಕಾಯ್ದೆ. ಅವಳು ಚೊಂಬನ್ನು ಸ್ವಲ್ಪ ಎಡಕ್ಕೆ ಸರಿಸಿ, ‘ಇಲ್ಲೇ ಇತ್ತಲ್ವಾ?’ ಎಂದು ನನ್ನನ್ನೇ ಕೇಳಿದಳು.

ಬೆಳಿಗ್ಗೆ ವ್ಯಾನು ಬಂತು. ನಾನು ರಜೆ ಹಾಕಿದ್ದೆ. ಕಂಟಿನ್ಯೂಟಿಯವನು ಸ್ವಲ್ಪ ದಪ್ಪಗಾಗಿದ್ದ, ಪೆನ್ಸಿಲ್ಲು ಮಾತ್ರ ಕಿವಿಯ ಹಿಂದೆಯೇ ಇತ್ತು. ಮೊದಲ ಭಾಗದ ಫೋಟೋಗಳನ್ನು ಕೈಯಲ್ಲಿ ಹಿಡಿದು ನಡುಮನೆಯನ್ನು ಅಳೆಯುವವನ ಹಾಗೆ ನೋಡಿಕೊಂಡು ಬಂದ. ಕ್ಯಾಲೆಂಡರ್ ಬೇರೆಯದು ಅಂದ. ಕಿಟಕಿಯ ಸರಳಿಗೆ ಬಣ್ಣ ಹೊಡೆದಿದ್ದೀರಿ ಅಂದ. ಚೊಂಬು ಸರಿಯಾದ ಜಾಗದಲ್ಲಿರುವುದನ್ನು ಕಂಡು ‘ಅಮ್ಮಾ, ನನ್ ಕೆಲ್ಸ ನೀವೇ ಮಾಡ್ಬುಟ್ಟಿದ್ದೀರ’ ಎಂದು ಹಲ್ಲು ಬಿಟ್ಟ. ಕೊನೆಗೆ ಪಟದ ಮುಂದೆ ನಿಂತ.

‘ಹಾರ ನಾಳೆ ಹಾಕಿದ್ರಾಯ್ತು, ಇವತ್ತೆಲ್ಲ ಅಡುಗೆಮನೆ ಸೀನು,’ ಎಂದು, ಸುತ್ತ ನೋಡಿ ಕೇಳಿದ: ‘ಯಜಮಾನ್ರು ಎಲ್ಲಮ್ಮಾ, ಕಾಣಿಸ್ತಿಲ್ಲ?’

ಗೋಡೆಯ ಕ್ಯಾಲೆಂಡರ್ ಬದಲಾದದ್ದು ಕಂಡವನಿಗೆ ಅಮ್ಮನ ಹಣೆಯಲ್ಲಿ ಕುಂಕುಮ ಇಲ್ಲದ್ದು ಕಾಣಲಿಲ್ಲ. ವಿಭೂತಿ ಮೊದಲೂ ಇತ್ತು, ಈಗಲೂ ಇತ್ತು. ಕೈಯಲ್ಲಿ ಬಳೆ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ನೇತುಹಾಕಿದ್ದ ಪಟಕ್ಕೆ ಹಾರ ಇರಲಿಲ್ಲ. ನಮ್ಮ ಕಡೆಯ ಯಾವ ಮನುಷ್ಯ ತಾನೇ ಬೇರೆ ಯೋಚನೆ ಮಾಡಿಯಾನು?

‘ಹೊರಗಡೆ ಹೋಗವ್ರೆ,’ ಎಂದಳು ಅಮ್ಮ.

ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಅಡುಗೆಮನೆಗೆ ಬಂದ ಮೇಲೆ ತೋಳು ಹಿಡಿದು ಎಳೆದೆ.

‘ಏನಮ್ಮ ಹಂಗಂದ್ಬುಟ್ಟೆ? ತಲೆ ಸರೀಗಿದ್ಯಾ ನಿಂಗೆ?’

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ಎಷ್ಟ್ ದಿನ ಆಯ್ತು ಕಣೇ, ಅವ್ರೆಲ್ಲಿ ಅಂತ ಯಾರಾದ್ರೂ ಕೇಳಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ.’

ನಾನೇ ಹೋಗಿ ಹೇಳಿಬಿಡಬಹುದಿತ್ತು. ಹೇಳಲು ಹೊರಟೆ ಕೂಡ. ಆದರೆ ಏನೆಂದು ಹೇಳುವುದು? ನಮ್ಮಮ್ಮ ಸುಳ್ಳು ಹೇಳಿದಳು ಎಂದೇ? ಹೇಳಿದ ಕೂಡಲೇ ಇವರೆಲ್ಲ ಮುಖ ಸಣ್ಣಗೆ ಮಾಡಿಕೊಂಡು ಅಮ್ಮನ ಸುತ್ತ ನಿಲ್ಲುವುದು ಕಣ್ಣಿಗೆ ಕಟ್ಟಿತು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಲೈಟು ಹತ್ತಿತು.

ಅಂದು ತೆಗೆದದ್ದು ದೆವ್ವ ಎಲೆ ಹಾಕುವ ದೃಶ್ಯ. ಎರಡನೆಯ ಭಾಗದಲ್ಲಿ ಭಟ್ಟನ ದೆವ್ವಕ್ಕೆ ಯಜಮಾನರು ಬಂದೇ ಬರುತ್ತಾರೆಂದು ಖಚಿತವಾಗಿಬಿಟ್ಟಿದೆ. ಬೆಳಗಾದರೆ ಬಾಳೆಲೆ ತೊಳೆದು ಹಾಕಿ, ‘ಇವತ್ತು ಯಜಮಾನ್ರು ಬಂದೇ ಬರ್ತಾರೆ’ ಎಂದು ಬಾಗಿಲ ಕಡೆ ನೋಡುತ್ತದೆ. ಬಾಗಿಲಲ್ಲಿ ಬೆಕ್ಕು ಬರುತ್ತದೆ, ಹಾಲಿನವನು ಬರುತ್ತಾನೆ, ಸಾಲದವನು ಬಂದು ಉಂಡು ಹೋಗುತ್ತಾನೆ. ಸೀರೆ ಬದಲಿಸಿದ ಹಾಗೆ ಕಥೆಯ ದಿನ ಬದಲಿಸಿ ಬದಲಿಸಿ ಅದೇ ಮಾತನ್ನು ತೆಗೆದರು. ಆ ದಪ್ಪ ನಟ ಒಂದೊಂದು ಸಲವೂ ಬೇರೆ ರಾಗದಲ್ಲಿ ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಅಮ್ಮ ಹೊಸ್ತಿಲ ಮೇಲೆ ಕೂತು ಒಂದು ಮಾತೂ ಬಿಡದೆ ಕೇಳಿದಳು. ಅವಳೂ ನಕ್ಕಳು. ಅಪ್ಪಾಜಿ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ, ಅದಕ್ಕೇ ಮತ್ತೂ ಗಲಿಬಿಲಿಯಾಯಿತು.

ಊಟದ ಹೊತ್ತಿಗೆ ಆ ನಟ, ‘ಯಜಮಾನ್ರಿಗೆ ಕೋಸಂಬರಿ ಅಂದ್ರೆ ಪ್ರಾಣ ಅಲ್ವಾ? ಅವ್ರ ಪಾಲು ಎತ್ತಿಡಿ, ಎಲ್ಲಾ ನಾನೇ ತಿಂದ್ಬುಡ್ತೀನಿ,’ ಎಂದರು. ಅಮ್ಮ ಎತ್ತಿಟ್ಟಳು. ತಟ್ಟೆಯ ಮೇಲೆ ತಟ್ಟೆ ಮುಚ್ಚಿ, ಅಪ್ಪಾಜಿಯ ಊಟ ಯಾವಾಗಲೂ ಇರುತ್ತಿದ್ದ ಗೂಡಿನಲ್ಲಿ ಇಟ್ಟಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಆದರೆ ನಿಜ ಹೇಳುತ್ತೇನೆ, ಅಂದು ಇಡೀ ದಿನ ನಮ್ಮ ಮನೆಯಲ್ಲಿ ಸತ್ತವರಿರಲಿಲ್ಲ, ಹೊರಗೆ ಹೋದವರಿದ್ದರು. ಸಂಜೆ ಗೇಟು ಸದ್ದು ಮಾಡಿದಾಗ ನಾನೂ ತಿರುಗಿ ನೋಡಿದೆ. ಕ್ಯಾನಿನಲ್ಲಿ ಟೀ ತಂದವನು. ನನಗೆ ಅಳು ಬಂತು.

ಮರುದಿನ ನಡುಮನೆಯಲ್ಲಿ ಕ್ಯಾಮೆರಾ ಹೂಡಿದರು. ನಿರ್ದೇಶಕರು ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತು, ಬಹಳ ಉತ್ಸಾಹದಿಂದ ಕೊನೆಯ ದೃಶ್ಯ ವಿವರಿಸಿದರು. ಎಲ್ಲರೂ ಪಟದ ಮುಂದೆ ಕೈಮುಗಿದು ನಿಂತಿದ್ದಾರೆ. ಬಾಗಿಲು ತೆರೆಯುತ್ತದೆ. ಸ್ವತಃ ಯಜಮಾನರು ಒಳಗೆ ಬರುತ್ತಾರೆ. ಅವರು ಸತ್ತೇ ಇರಲಿಲ್ಲ, ಮನೆಯವರ ಕಾಟಕ್ಕೆ ಕಾಶಿಗೆ ಓಡಿಹೋಗಿದ್ದರು ಅಷ್ಟೇ. ನೇರವಾಗಿ ಹೋಗಿ ತಮ್ಮ ಪಟದ ಹಾರ ತೆಗೆದೆಸೆದು, ಎಲೆಯ ಮುಂದೆ ಕೂತು, ಒಂದು ತುತ್ತು ಉಂಡು, ‘ಚೆನ್ನಾಗಿದೆ’ ಅನ್ನುತ್ತಾರೆ. ದೆವ್ವಕ್ಕೆ ಮೋಕ್ಷ.

‘ಪಟದಲ್ಲಿರೋ ಮುಖಾನೇ ಬಾಗಿಲಲ್ಲಿ ಬರ್ಬೇಕು, ಆಗ್ಲೇ ಥಿಯೇಟ್ರು ಎದ್ದು ಕುಣಿಯೋದು. ಬೇರೆಯವರನ್ನ ಹಾಕೋಕಾಗಲ್ಲ. ಒಂದೇ ಒಂದು ಮಾತು ಅಮ್ಮ, ಯಜಮಾನ್ರಿಗೆ ನೀರು ಕುಡಿದಷ್ಟು ಸುಲಭ. ಎಲ್ಲಿದ್ದಾರೆ, ಕರ್ಸಿ.’

ನನ್ನ ಬಾಯಿಗೆ ಏನು ಬರಬೇಕೋ ಅದು ಬರದೆ, ಪೆದ್ದಿಯ ಹಾಗೆ ಕಥೆಯ ತಕರಾರು ತೆಗೆದೆ.

‘ಸರ್, ಮೊದಲನೇ ಭಾಗದಲ್ಲಿ ಯಜಮಾನ್ರು ಸತ್ತಿದ್ರಲ್ಲ. ಈಗ ಹೆಂಗೆ ಬರ್ತಾರೆ?’

‘ಸತ್ತಿದ್ದನ್ನ ಎಲ್ಲಮ್ಮ ತೋರ್ಸಿದ್ದೀವಿ?’ ಅವರು ಗೆದ್ದವರ ಹಾಗೆ ನಕ್ಕರು. ‘ನಾನೂ ಪಿಕ್ಚರ್ ಮತ್ತೆ ಹಾಕಿ ನೋಡ್ದೆ. ಪಟ ತೋರ್ಸಿದ್ದೀವಿ, ಹಾರ ತೋರ್ಸಿದ್ದೀವಿ. ಅಷ್ಟೇ. ಹಾರ ಹಾಕಿದ ಮಾತ್ರಕ್ಕೆ ಮನುಷ್ಯ ಸಾಯ್ತಾನಾ?’

ಅಮ್ಮ ತಲೆಯೆತ್ತಿದಳು.

‘ಸಾಯಲ್ವಾ?’

‘ಅದೆಂಗಮ್ಮ ಸಾಯ್ತಾನೆ? ಗಂಧದ ಚಕ್ಕೆ ಅದು. ನಮ್ ಪಿಕ್ಚರ್‌ಗಳಲ್ಲಿ ಎಷ್ಟ್ ಜನರ ಪಟಕ್ಕೆ ಹಾಕಿಲ್ಲ? ಎಲ್ಲಾ ಗುಂಡುಕಲ್ಲಿನಂಗವ್ರೆ. ನಮ್ಮಪ್ಪನ ಪಟಕ್ಕೇ ಹಾಕಿದ್ದೆ ಇನ್ನೊಂದ್ ಪಿಕ್ಚರ್‌ನಲ್ಲಿ, ಈಗ್ಲೂ ಬೆಳಿಗ್ಗೆ ಎದ್ದು ವಾಕಿಂಗ್ ಹೋಗ್ತಾರೆ.’

‘ನಿಮ್ಮ ತಂದೆಯೋರ ಪಟಕ್ಕಾ? ನೀವೇ ಹಾಕಿದ್ರಾ?’

‘ಹೂಂ ಅಮ್ಮ. ನಾನೇ.’

ಆ ಮನುಷ್ಯನಿಗೆ ತಾನು ಏನು ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ಕಥೆಯ ತೂತು ಮುಚ್ಚುವುದಷ್ಟೇ ಅವರ ಉದ್ದೇಶ. ಅಯ್ಯನವರು ಶಾಂತವಾಗಿ ಕೂತು ಹೇಳಿದಾಗ ಒಳಗಿಳಿಯದ ಮಾತು, ಈ ಕುಣಿದಾಡುವ ಮನುಷ್ಯ ಕಾಶಿಗೆ ಓಡಿಹೋದ ಯಜಮಾನನ ಕಥೆ ಹೇಳುತ್ತಾ ಎಸೆದಾಗ ಇಳಿಯಿತು. ಅಮ್ಮ ಎದ್ದು, ಗಂಧದ ಹಾರ ಹಿಡಿದುಕೊಂಡು ನಿಂತಿದ್ದ ಸೆಟ್ಟಿನ ಸಾಮಾನಿನವನ ಕಡೆ ಕೈ ಚಾಚಿದಳು.

‘ಕೊಡಪ್ಪ ಇಲ್ಲಿ.’

ಸ್ಟೂಲು ಎಳೆದುಕೊಂಡು ಹತ್ತಿದಳು. ನಾನು ಹಿಡಿದುಕೊಂಡೆ. ಸೆರಗಿನಿಂದ ಪಟದ ಗಾಜು ಒರೆಸಿದಳು, ಮೂಲೆಯಲ್ಲಿದ್ದ ಜೇಡರಬಲೆಯನ್ನು ಬೆರಳಲ್ಲಿ ತೆಗೆದಳು. ಹಾರ ಹಾಕಿ, ಎರಡೂ ಕಡೆ ಸಮ ಇದೆಯೇ ಎಂದು ನೋಡಿ ಸರಿಮಾಡಿದಳು. ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಗಾಜಿನ ಮೇಲೆ, ಅಪ್ಪಾಜಿಯ ಹಣೆ ಇದ್ದ ಕಡೆ ಹಚ್ಚಿ, ಕೈಮುಗಿದಳು.

ಕಂಟಿನ್ಯೂಟಿಯವನು ಹಳೆಯ ಫೋಟೋ ಹಿಡಿದು ಹಾರ ಸರಿಯಾಗಿದೆಯೇ ಎಂದು ತಾಳೆ ನೋಡಲು ಬಂದಿದ್ದ. ಫೋಟೋ ನೋಡಿದ, ಪಟ ನೋಡಿದ, ಆಮೇಲೆ ಮೊದಲ ಸಲ ಅಮ್ಮನ ಹಣೆ ನೋಡಿದ. ಮೆಲ್ಲಗೆ ಚಪ್ಪಲಿ ಬಿಟ್ಟು ಹಿಂದೆ ಸರಿದು ನಿಂತ. ಅವನನ್ನು ನೋಡಿ ಲೈಟಿನವರೂ ಬಿಟ್ಟರು. ನಿರ್ದೇಶಕರಿಗೆ ಎಲ್ಲರಿಗಿಂತ ತಡವಾಗಿ ತಿಳಿಯಿತು.

‘ಯಾವಾಗಮ್ಮಾ?’

‘ನಿಮ್ ಪಿಕ್ಚರ್ ಬಂತಲ್ಲ, ಅದರ ಮಾರನೇ ವರ್ಷ. ಅಂಗಡೀಲೇ.’ ಅಮ್ಮ ಸ್ಟೂಲಿನಿಂದ ಇಳಿದಳು. ‘ನಿನ್ನೆ ಸುಳ್ಳು ಹೇಳ್ದೆ. ತಪ್ಪಾಯ್ತು. ಬಿಸಿಬಿಸಿ ಊಟ ಐತೆ, ಎಲ್ರೂ ಉಂಡ್ಬುಟ್ಟು ಆಮೇಲೆ ತೆಗೀರಿ.’

ಅವರು ಉಂಡರು. ದೆವ್ವದ ವೇಷದ ನಟ ಮಾತ್ರ ಕೋಸಂಬರಿ ಮುಟ್ಟಲಿಲ್ಲ, ಬಿಳಿ ಬಳಿದ ಮುಖದ ಮೇಲೆ ಕಣ್ಣೀರು ಇಳಿದು ಮೇಕಪ್ಪಿನವನು ಮತ್ತೆ ಬಳಿಯಬೇಕಾಯಿತು.

ಕಾಶಿಯಿಂದ ಯಜಮಾನ ಬರುವ ದೃಶ್ಯವನ್ನು ಬಿಟ್ಟುಬಿಟ್ಟರು. ಪಟದಲ್ಲಿ ಅಷ್ಟು ಸಲ ಕಂಡ ಮುಖವನ್ನು ಬದಲಿಸಲಾಗಲಿಲ್ಲ. ಆದರೆ ಹಿಂದಿನ ದಿನ ತೆಗೆದದ್ದನ್ನು ಮತ್ತೆ ತೆಗೆಯಲು ಆ ನಟರಿಗೆ ಬಿಡುವಿರಲಿಲ್ಲ. ಹಾಗಾಗಿ ಮೊದಲರ್ಧವೆಲ್ಲ ಯಜಮಾನರು ಬಂದೇ ಬರ್ತಾರೆ ಎನ್ನುವುದು, ಕೊನೆಗೆ ನಾಯಕಿ ಒಂದು ತುತ್ತು ತಿಂದು ಚೆನ್ನಾಗಿದೆ ಅಂದದ್ದಕ್ಕೇ ದೆವ್ವ ಹೊಗೆಯಾಗಿ ಹೋಗುವುದು. ಸಿನಿಮಾ ಬಂದಾಗ ಜನ ಬೈದರು. ತಲೆಯಿಲ್ಲ ಬಾಲವಿಲ್ಲ ಎಂದರು. ಅವರು ಹೇಳಿದ್ದು ಸುಳ್ಳೇನಲ್ಲ. ಇಂದಿಗೂ ಯಾರಾದರೂ ಆ ಮಾತು ಎತ್ತಿದರೆ ನಾನು ಸಿಡುಕುವುದು ಇದಕ್ಕೇ.

ಅಮ್ಮನನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಪಟಕ್ಕೆ ಹಾರ ಇತ್ತು. ಶೂಟಿಂಗಿನ ಹಾರವನ್ನೇ ಅವರು ಬಿಟ್ಟು ಹೋಗಿದ್ದರು. ಅಮ್ಮ ಅಪ್ಪಾಜಿಯ ಸುದ್ದಿಯನ್ನು ನೆಂಟರೊಡನೆ ಸರಾಗವಾಗಿ ಆಡುತ್ತಿದ್ದಳು, ಆ ಹಾರದ ಮೇಲೆ ತಪ್ಪು ಹೊರಿಸುವುದನ್ನು ನಿಲ್ಲಿಸಿದ್ದಳು. ಎಲ್ಲ ಒಂದು ದಡ ಮುಟ್ಟಿತು ಎಂದೇ ನಾನು ತಿಳಿದಿದ್ದೆ. ಥಿಯೇಟರಿನಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ನಮ್ಮ ಅಡುಗೆಮನೆ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ದೆವ್ವ ಎಲೆ ಹಾಕಿ ಯಜಮಾನರು ಬರ್ತಾರೆ ಅಂದಾಗಲೆಲ್ಲ ಹಿಂದಿನ ಸಾಲಿನ ಹುಡುಗರು ನಗುತ್ತಿದ್ದರು. ಅಮ್ಮ ಮುಂದಕ್ಕೆ ಬಾಗಿ ಕೂತಿದ್ದಳು.

ಆಟ ಮುಗಿದು ದೀಪ ಹತ್ತಿದರೂ ಅವಳು ಏಳಲಿಲ್ಲ. ಜನ ನಮ್ಮ ಮೊಣಕಾಲು ದಾಟಿಕೊಂಡು ಹೊರಗೆ ಹೋದರು.

‘ಏಳಮ್ಮ, ಮುಗೀತು.’

‘ನಂಗೊತ್ತು ಕಣೇ, ಬರಲ್ಲ ಅಂತ,’ ಎಂದಳು ಅಮ್ಮ. ‘ನಾನೇ ಹಾರ ಹಾಕಿದ್ದು, ನಂಗೊತ್ತಿಲ್ವಾ? ಆದ್ರೂ ಬಾಗ್ಲು ತೋರಿಸ್ದಾಗೆಲ್ಲ ನೋಡ್ದೆ.’

ನಾನು ಪಕ್ಕದ ಕುರ್ಚಿಯಲ್ಲಿ ಮತ್ತೆ ಕೂತೆ.

‘ನಾನೂ ನೋಡ್ದೆ ಕಣಮ್ಮ,’ ಎಂದೆ.